ಬೇಕಾದ ಕಾರು ಕೊಡಗಿನ ಶೋರೂಂನಲ್ಲಿ ಇಲ್ಲವೇ? ಬೇರೆ ಊರಿನಿಂದ ತರಿಸುವ ಖರ್ಚಿನ ಪೂರ್ತಿ ಲೆಕ್ಕ

"ಆ ಬಣ್ಣ ನಮ್ಮಲ್ಲಿಲ್ಲ ಸಾರ್, ಮೈಸೂರಿನಿಂದ ತರಿಸಬೇಕು. ಟ್ರಾನ್ಸ್‌ಫರ್ ಚಾರ್ಜ್ ಎಂಟು ಸಾವಿರ ಆಗುತ್ತೆ."

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲೇ ಹೊಸ ಕಾರು ನೋಡಲು ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ನಮ್ಮ ಜಿಲ್ಲೆಯ ಶೋರೂಂಗಳು ಚಿಕ್ಕವು. ಬಹಳಷ್ಟು ಮೈಸೂರಿನ ಅಥವಾ ಮಂಗಳೂರಿನ ಡೀಲರ್‌ಗಳ ಶಾಖೆಗಳು. ನೋಡುವುದಕ್ಕೆ ಎರಡು ಮೂರು ಗಾಡಿ ನಿಲ್ಲಿಸಿರುತ್ತಾರೆ, ಉಳಿದ ಸ್ಟಾಕ್ ಎಲ್ಲಾ ಆ ಊರುಗಳ ಯಾರ್ಡ್‌ನಲ್ಲಿ. ಹಾಗಾಗಿ ಗಾಡಿ ತರಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಎಂಟು ಸಾವಿರ ಎಲ್ಲಿಂದ ಬಂತು? ಹತ್ತು ಲಕ್ಷದ ಗಾಡಿಗೆ ಎಂಟು ಸಾವಿರ ಏನು ಮಹಾ ಅಂತ ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಇದು ತೆರಿಗೆ ಅಲ್ಲ. ಆರ್‌ಟಿಒ ಶುಲ್ಕವೂ ಅಲ್ಲ. ಶೋರೂಂನವರು ತಮ್ಮ ವ್ಯಾಪಾರದ ಖರ್ಚನ್ನು ನಿಮ್ಮ ಮೇಲೆ ಹಾಕುವ ಒಂದು ಸಾಲು, ಅಷ್ಟೇ. ಕೆಲವೊಮ್ಮೆ ಅದು ನ್ಯಾಯವಾದದ್ದೇ ಇರುತ್ತದೆ. ಹಲವು ಸಲ ನಿಜವಾದ ಖರ್ಚಿನ ಎರಡು ಮೂರು ಪಟ್ಟು ಇರುತ್ತದೆ. ಯಾವುದು ಯಾವಾಗ ಅಂತ ಗೊತ್ತಾಗಬೇಕಾದರೆ ಕೆಳಗಿನ ಕ್ರಮದಲ್ಲಿ ಹೋಗಿ.

1. ಗಾಡಿ ಈಗ ಯಾರ ಹತ್ತಿರ ಇದೆ ಅಂತ ಮೊದಲು ತಿಳಿದುಕೊಳ್ಳಿ

ಎಷ್ಟು ಆಗುತ್ತದೆ ಅಂತ ಕೇಳುವ ಮೊದಲು ಎಲ್ಲಿದೆ ಅಂತ ಕೇಳಿ. ಉತ್ತರ ಮೂರರಲ್ಲಿ ಒಂದಾಗಿರುತ್ತದೆ.

ಒಂದು, ಅದೇ ಡೀಲರ್‌ನ ಮೈಸೂರು ಯಾರ್ಡ್‌ನಲ್ಲಿದೆ. ಹಾಗಿದ್ದರೆ ಇದು ಅವರದೇ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿದ ಹಾಗೆ. ಇದಕ್ಕೆ ದುಡ್ಡು ಕೇಳುವುದು ನನ್ನ ಪ್ರಕಾರ ಸರಿಯೇ ಅಲ್ಲ. ಎಕ್ಸ್ ಶೋರೂಂ ಬೆಲೆಯಲ್ಲಿ, ಅಂದರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರಿಸುವ ಮೊದಲಿನ ಬೆಲೆಯಲ್ಲಿ, ಕಾರ್ಖಾನೆಯಿಂದ ಡೀಲರ್‌ವರೆಗಿನ ಸಾಗಾಟದ ಖರ್ಚು ಸೇರಿಯೇ ಇರುತ್ತದೆ. ಮಡಿಕೇರಿಯಲ್ಲಿ ಶಾಖೆ ತೆರೆದು ಮಡಿಕೇರಿಯಲ್ಲೇ ಮಾರುತ್ತೇವೆ ಅನ್ನುವವರು ಮಡಿಕೇರಿಗೆ ಗಾಡಿ ತರುವ ಖರ್ಚನ್ನು ತಾವೇ ನೋಡಿಕೊಳ್ಳಬೇಕು, ಅಲ್ವಾ?

ಎರಡು, ಬೇರೆ ಡೀಲರ್ ಹತ್ತಿರ ಇದೆ. ಅದೇ ಕಂಪನಿ, ಬೇರೆ ಮಾಲೀಕರು. ಆಗ ನಿಮ್ಮ ಡೀಲರ್ ಆ ಗಾಡಿಯನ್ನು ಅವರಿಂದ ಕೊಳ್ಳಬೇಕು, ಇಲ್ಲವೇ ತನ್ನ ಒಂದು ಗಾಡಿ ಕೊಟ್ಟು ಬದಲಿಗೆ ಇದನ್ನು ತರಬೇಕು. ಇಲ್ಲಿ ನಿಜವಾದ ಖರ್ಚು ಇದೆ. ಸ್ವಲ್ಪ ಕೊಡುವುದು ನ್ಯಾಯ.

ಮೂರು, ಗಾಡಿ ಇನ್ನೂ ಯಾರ ಹತ್ತಿರವೂ ಇಲ್ಲ, ಕಂಪನಿಯಿಂದ ಬರಬೇಕು. ಹಾಗಿದ್ದರೆ ಟ್ರಾನ್ಸ್‌ಫರ್ ಅನ್ನುವ ಮಾತೇ ಬರುವುದಿಲ್ಲ. ಬುಕ್ ಮಾಡಿ ಕಾಯುವುದು, ಅಷ್ಟೇ. ಆದರೂ ಆ ಸಾಲು ಪಟ್ಟಿಯಲ್ಲಿ ಇದ್ದರೆ ಅಲ್ಲೇ ಹೊಡೆದುಹಾಕಿಸಿ.

ಯಾವ ಸಂದರ್ಭ ಅಂತ ಖಾತ್ರಿ ಮಾಡಿಕೊಳ್ಳಲು ಚಾಸಿ ನಂಬರ್ ಕೇಳಿ. ಗಾಡಿ ನಿಜವಾಗಿ ಎಲ್ಲೋ ನಿಂತಿದ್ದರೆ 17 ಅಕ್ಷರ ಮತ್ತು ಅಂಕಿಗಳ ಆ ನಂಬರ್ ಇರಲೇಬೇಕು. ನಂಬರ್ ಕೊಡಲು ತಡವರಿಸಿದರೆ ಗಾಡಿ ಇನ್ನೂ ಸಿಕ್ಕಿಲ್ಲ, ನಿಮ್ಮ ಬುಕ್ಕಿಂಗ್ ದುಡ್ಡು ಹಿಡಿದುಕೊಂಡು ಆಮೇಲೆ ಹುಡುಕುತ್ತಾರೆ ಅಂತ ಅರ್ಥ ಮಾಡಿಕೊಳ್ಳಬಹುದು.

2. ನಿಜವಾದ ಖರ್ಚನ್ನು ನೀವೇ ಲೆಕ್ಕ ಹಾಕಿ

ಗಾಡಿ ಬರುವುದು ಎರಡೇ ರೀತಿ. ಡ್ರೈವರ್ ಓಡಿಸಿಕೊಂಡು ಬರುತ್ತಾನೆ, ಇಲ್ಲವೇ ಲಾರಿ ಮೇಲೆ ಬರುತ್ತದೆ. ಕೊಡಗಿಗೆ ರೈಲಂತೂ ಇಲ್ಲ.

ಓಡಿಸಿಕೊಂಡು ಬಂದರೆ ಲೆಕ್ಕ ಬಹಳ ಸುಲಭ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಕುಶಾಲನಗರಕ್ಕಾದರೆ 90ರ ಆಸುಪಾಸು. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ 140 ಕಿ.ಮೀ. ಹತ್ತಿರ, ಬೆಂಗಳೂರಿನಿಂದ 265ರ ಸುತ್ತಮುತ್ತ. ಲೀಟರಿಗೆ 15 ಕಿ.ಮೀ. ಅಂತ ಹಿಡಿದರೂ ಮೈಸೂರಿನಿಂದ ಬರಲು 8 ಲೀಟರ್ ಪೆಟ್ರೋಲ್ ಸಾಕು. ಲೀಟರಿಗೆ ನೂರು ರೂಪಾಯಿ ಅಂತಿಟ್ಟುಕೊಂಡರೆ 800. ಡ್ರೈವರ್‌ಗೆ ದಿನದ ಬಾಟಾ ಒಂದು ಸಾವಿರ ಅಂದುಕೊಳ್ಳಿ, ವಾಪಸ್ ಹೋಗಲು ಬಸ್ ಚಾರ್ಜು, ಊಟ, ಕಾಫಿ ಎಲ್ಲಾ ಸೇರಿಸಿ. ಎಷ್ಟೇ ಉದಾರವಾಗಿ ಬರೆದರೂ ಎರಡೂವರೆ ಸಾವಿರ ದಾಟುವುದು ಕಷ್ಟ. ಬೆಂಗಳೂರಿನಿಂದ ಆದರೆ ಪೆಟ್ರೋಲ್ 18 ಲೀಟರ್, ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಿಡದಿ ಮತ್ತು ಶ್ರೀರಂಗಪಟ್ಟಣದ ಹತ್ತಿರದ ಟೋಲ್, ಜಾಸ್ತಿ ಬಾಟಾ. ನಾಲ್ಕರಿಂದ ಐದು ಸಾವಿರ ಆಗಬಹುದು.

ಲಾರಿ ಮೇಲೆ ತರಿಸಿದರೆ ಕತೆ ಬೇರೆ. ಒಂದೇ ಕಾರಿಗಾಗಿ ಬರುವ ಲಾರಿಯವರು ಹೋಗಿ ಬರುವ ಎರಡೂ ಕಡೆಯ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಖಾಲಿ ವಾಪಸ್ ಹೋಗಬೇಕಲ್ಲ. ಬೆಂಗಳೂರಿನಿಂದ ಆದರೆ ಅದು ಐದಂಕಿ ಮುಟ್ಟುವುದು ದೊಡ್ಡ ವಿಷಯವಲ್ಲ. ನಿಮ್ಮ ಹತ್ತಿರ ಲಾರಿಯ ದುಡ್ಡು ತೆಗೆದುಕೊಂಡು ಗಾಡಿಯನ್ನು ಡ್ರೈವರ್ ಕೈಯಲ್ಲಿ ಓಡಿಸಿ ತರಿಸುವುದೂ ಉಂಟು. ಅದಕ್ಕೇ ಯಾವ ರೀತಿ ಬರುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಬೇಕು.

ಹೊಸ ಗಾಡಿ 120 ಕಿ.ಮೀ. ಓಡಿ ಬಂದರೆ ಹಾಳಾಗುತ್ತದಾ ಅಂತ ಕೆಲವರಿಗೆ ಚಿಂತೆ. ಸರಿಯಾಗಿ ಓಡಿಸಿದರೆ ಏನೂ ಆಗುವುದಿಲ್ಲ. ಆದರೆ ಹೊಸ ಇಂಜಿನ್‌ಗೆ ಮೊದಲ ಸಾವಿರ ಕಿಲೋಮೀಟರ್ ಜೋರಾಗಿ ಎಳೆಯಬಾರದು ಅಂತ ಕೈಪಿಡಿಗಳಲ್ಲೇ ಇರುತ್ತದೆ. ಹುಣಸೂರು ದಾಟಿದ ಮೇಲೆ ಖಾಲಿ ರಸ್ತೆ ಕಂಡರೆ ಡ್ರೈವರ್ ಹುಡುಗರ ಕಾಲು ಸುಮ್ಮನೆ ಇರುತ್ತದೆ ಅಂತ ನಾನಂತೂ ನಂಬುವುದಿಲ್ಲ. ಮೈಸೂರಿನಿಂದ ಓಡಿಸಿ ತರುವುದು ಪರವಾಗಿಲ್ಲ, ಬೆಂಗಳೂರಿನಿಂದಾದರೆ ಲಾರಿ ಅಥವಾ ನೀವೇ ಹೋಗಿ ತರುವುದು ಒಳ್ಳೆಯದು. ಇದು ನನ್ನ ಅಭಿಪ್ರಾಯ.

3. ಕೊಟೇಶನ್‌ನಲ್ಲಿ ಆ ಖರ್ಚು ಯಾವ ಹೆಸರಿನಲ್ಲಿ ಕೂತಿದೆ ನೋಡಿ

ಟ್ರಾನ್ಸ್‌ಫರ್ ಚಾರ್ಜ್ ಅಂತಲೇ ಬರೆದಿರಬೇಕು ಅಂತೇನಿಲ್ಲ. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಯಾರ್ಡ್ ಚಾರ್ಜ್, ಇನ್ಸಿಡೆಂಟಲ್, ಹೀಗೆ ಏನೇನೋ ಹೆಸರು. ಒಂದೇ ಖರ್ಚು ಎರಡು ಹೆಸರಿನಲ್ಲಿ ಬಂದಿರುವುದೂ ಉಂಟು. ಎಕ್ಸ್ ಶೋರೂಂ ಬೆಲೆ, ರಸ್ತೆ ತೆರಿಗೆ ಮತ್ತು ನೋಂದಣಿ, ಇನ್ಶೂರೆನ್ಸ್, ಫಾಸ್ಟ್ಯಾಗ್, ಹತ್ತು ಲಕ್ಷ ದಾಟಿದರೆ ಶೇ. 1 ಟಿಸಿಎಸ್ (ನಿಮ್ಮ ಇನ್‌ಕಂ ಟ್ಯಾಕ್ಸ್ ಲೆಕ್ಕಕ್ಕೆ ಡೀಲರ್ ಮೊದಲೇ ವಸೂಲು ಮಾಡುವ ದುಡ್ಡು). ಇವಿಷ್ಟು ಅಗತ್ಯದವು. ಮಿಕ್ಕ ಪ್ರತಿ ಸಾಲಿಗೂ ಇದು ಏನು, ಇದಿಲ್ಲದೆ ಗಾಡಿ ಕೊಡುವುದಿಲ್ಲವಾ ಅಂತ ಕೇಳಿ. ಹ್ಯಾಂಡ್ಲಿಂಗ್ ಚಾರ್ಜ್ ಅನ್ನುವುದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಜಾಗವೇ ಇಲ್ಲ.

ಎರಡು ಕಡೆ ಇನ್ನೂ ಸ್ವಲ್ಪ ಹುಷಾರಾಗಿರಬೇಕು.

ಮೊದಲನೆಯದು ಜಿಎಸ್‌ಟಿ. "ಬೇರೆ ಡೀಲರ್‌ನಿಂದ ತಂದರೆ ಎರಡು ಸಲ ಜಿಎಸ್‌ಟಿ ಬೀಳುತ್ತೆ ಸಾರ್" ಅಂದರೆ ನಂಬಬೇಡಿ. ಆ ಡೀಲರ್‌ಗೆ ಇವರು ಕಟ್ಟಿದ ತೆರಿಗೆ ಇವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ಇವರು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಒಂದೇ ಜಿಎಸ್‌ಟಿ ನಂಬರಿನ ಶಾಖೆಯಿಂದ ಶಾಖೆಗೆ ಬಂದರೆ ಡೆಲಿವರಿ ಚಲನ್ ಮೇಲೆ ಬರುತ್ತದೆ, ತೆರಿಗೆಯೇ ಇಲ್ಲ. ಆದರೆ ಸಾಗಾಟದ ದುಡ್ಡನ್ನು ನಿಮ್ಮ ಗಾಡಿಯ ಬಿಲ್ಲಿಗೇ ಸೇರಿಸಿದರೆ ಗಾಡಿಗೆ ಎಷ್ಟು ದರವೋ ಅದಕ್ಕೂ ಅಷ್ಟೇ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿಗೆ ಶೇ. 18, ದೊಡ್ಡದಕ್ಕೆ ಶೇ. 40, ಎಲೆಕ್ಟ್ರಿಕ್‌ಗೆ ಶೇ. 5. ಅಂದರೆ ಬಾಯಲ್ಲಿ ಹೇಳಿದ 5,000 ರೂಪಾಯಿ ಬಿಲ್ಲಿನಲ್ಲಿ ಚಿಕ್ಕ ಕಾರಿಗೆ 5,900, ದೊಡ್ಡ ಕಾರಿಗೆ 7,000 ಆಗಬಹುದು. ಜಿಎಸ್‌ಟಿ ಸೇರಿಯೋ ಬಿಟ್ಟೋ ಅಂತ ಕೇಳಿಯೇ ಒಪ್ಪಿಕೊಳ್ಳಿ.

ಎರಡನೆಯದು ಆ ಹತ್ತು ಲಕ್ಷದ ಗೆರೆ. ಗಾಡಿ 9 ಲಕ್ಷ 97 ಸಾವಿರಕ್ಕೆ ನಿಂತಿದೆ ಅಂದುಕೊಳ್ಳಿ. ಇನ್ನೊಂದು ಐದು ಸಾವಿರ ಸಾಗಾಟ ಅಂತ ಅದೇ ಬಿಲ್ಲಿಗೆ ಸೇರಿಸಿದರೆ ಹತ್ತು ಲಕ್ಷ ದಾಟಿತು. ಈಗ ಶೇ. 1 ಟಿಸಿಎಸ್ ಬೀಳುವುದು ಪೂರ್ತಿ ಮೊತ್ತದ ಮೇಲೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ. ಹತ್ತು ಸಾವಿರ ಕೈಯಿಂದ ಹೋಯಿತು. ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕಿದರೆ ಅದು ಲೆಕ್ಕಕ್ಕೆ ಸೇರುತ್ತದೆ, ನಿಜ. ಆದರೆ ಕಾಫಿಯದ್ದು ಕೃಷಿ ಆದಾಯ ಅಂತ ರಿಟರ್ನ್ ಹಾಕದೆ ಇರುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅವರು ಈ ದುಡ್ಡಿಗಾಗಿಯೇ ರಿಟರ್ನ್ ಹಾಕಬೇಕು.

4. ಚೌಕಾಶಿ: ಟ್ರಾನ್ಸ್‌ಫರ್ ಚಾರ್ಜ್ ಬಿಟ್ಟು ಡಿಸ್ಕೌಂಟ್ ನೋಡಿ

ಸಾಗಾಟದ ಎಂಟು ಸಾವಿರಕ್ಕೆ ಜಗಳ ಆಡಿ ಗೆದ್ದು, ಅದೇ ಖುಷಿಯಲ್ಲಿ ಇಪ್ಪತ್ತು ಸಾವಿರದ ಡಿಸ್ಕೌಂಟ್ ಹೋದದ್ದನ್ನು ಗಮನಿಸದೆ ಬರುವವರು ತುಂಬಾ ಜನ. ಇದು ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಮಾತಾಡುವುದು ಸುಲಭ.

ತನ್ನ ಯಾರ್ಡ್‌ನಲ್ಲಿ ನಿಂತ ಗಾಡಿಗೆ ಡೀಲರ್ ದಿನಾ ಬಡ್ಡಿ ಕಟ್ಟುತ್ತಿರುತ್ತಾನೆ. ಅದು ಹೋದರೆ ಸಾಕು ಅಂತ ಡಿಸ್ಕೌಂಟ್ ಕೊಡುತ್ತಾನೆ. ಬೇರೆಯವರಿಂದ ತಂದ ಗಾಡಿಗೆ ಆ ತಲೆನೋವು ಇಲ್ಲ, ಲಾಭವೂ ಕಡಿಮೆ. ಹಾಗಾಗಿ ಡಿಸ್ಕೌಂಟ್ ಕೈ ಬಿಡುತ್ತಾನೆ. ನೀವು ಕೇಳಬೇಕಾದ ಪ್ರಶ್ನೆ ಒಂದೇ: "ನಿಮ್ಮಲ್ಲೇ ಇರುವ ಬಿಳಿ ಬಣ್ಣದ್ದಕ್ಕೆ ಆನ್ ರೋಡ್ (ಎಲ್ಲಾ ಸೇರಿ) ಎಷ್ಟು, ತರಿಸುವ ಕೆಂಪಿಗೆ ಆನ್ ರೋಡ್ ಎಷ್ಟು?" ಎರಡರ ನಡುವಿನ ವ್ಯತ್ಯಾಸವೇ ನಿಜವಾದ ಟ್ರಾನ್ಸ್‌ಫರ್ ಖರ್ಚು. ಪಟ್ಟಿಯಲ್ಲಿ ಅವರು ಏನು ಬೇಕಾದರೂ ಬರೆದುಕೊಳ್ಳಲಿ.

ಆಮೇಲೆ ಮೈಸೂರಿನಲ್ಲಿ ಅದೇ ಕಂಪನಿಯ ಇನ್ನೊಬ್ಬ ಡೀಲರ್‌ಗೆ, ಮಂಗಳೂರಿನಲ್ಲಿ ಒಬ್ಬರಿಗೆ ಫೋನ್ ಮಾಡಿ ಅದೇ ಮಾದರಿ, ಅದೇ ಬಣ್ಣಕ್ಕೆ ವಾಟ್ಸಾಪ್‌ನಲ್ಲಿ ಕೊಟೇಶನ್ ತರಿಸಿ. ಅದನ್ನು ತೋರಿಸಿದರೆ ಟ್ರಾನ್ಸ್‌ಫರ್ ಚಾರ್ಜ್ ಅರ್ಧ ಆಗುವುದನ್ನೂ ಪೂರ್ತಿ ಹೋಗುವುದನ್ನೂ ನೋಡಬಹುದು. ಮಾರಾಟದ ಹುಡುಗನ ಮೇಲೆ ಕೂಗಾಡಬೇಡಿ. ಅವನಿಗೆ ಅಧಿಕಾರ ಇರುವುದಿಲ್ಲ. ಮ್ಯಾನೇಜರ್ ಹತ್ತಿರ ಕೂತು ಮಾತಾಡಿ.

ಕಾಲವೂ ಮುಖ್ಯ. ಆಯುಧಪೂಜೆ, ದೀಪಾವಳಿ ಹೊತ್ತಿಗೆ ಹೋದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಗಾಡಿ ಸಿಕ್ಕಿದರೆ ನಿಮ್ಮ ಪುಣ್ಯ. ರೊಬಸ್ಟಾ ಕೊಯ್ಲು ಮುಗಿದು ಕೈಯಲ್ಲಿ ಕಾಸು ಆಡುವ ಹೊತ್ತಿಗೆ ಮಾರ್ಚ್ ಬರುತ್ತದೆ. ಡೀಲರ್‌ಗಳಿಗೂ ವರ್ಷದ ಟಾರ್ಗೆಟ್ ಮುಗಿಸುವ ಗಡಿಬಿಡಿ. ಕೊಡಗಿನವರಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಡಿಸೆಂಬರ್ ಕೊನೆಯಲ್ಲೂ ಒಳ್ಳೆಯ ಬೆಲೆ ಸಿಗುತ್ತದೆ. ಆದರೆ ಜನವರಿ ಬಂದರೆ ಅದು ಹೋದ ವರ್ಷದ ಗಾಡಿ, ಮರುಮಾರಾಟದಲ್ಲಿ ಪೆಟ್ಟು ಬೀಳುತ್ತದೆ.

5. ಬುಕ್ಕಿಂಗ್ ದುಡ್ಡು ಕೊಡುವ ಮೊದಲು ಬರಹದಲ್ಲಿ ತೆಗೆದುಕೊಳ್ಳಿ

ಬಾಯಿಮಾತು ಬೇಡ. ಹೀಗೊಂದು ಮೆಸೇಜ್ ಕಳಿಸಿ, ಅವರಿಂದ "ಓಕೆ" ಬರಿಸಿಕೊಂಡರೂ ಸಾಕು:

"ಈ ಚಾಸಿ ನಂಬರಿನ ಗಾಡಿಯನ್ನು ಇಂಥ ಊರಿನಿಂದ ಲಾರಿಯಲ್ಲಿ / ಓಡಿಸಿಕೊಂಡು ತರುತ್ತೀರಿ. ಅದಕ್ಕೆ ಜಿಎಸ್‌ಟಿ ಸೇರಿ ಇಷ್ಟು ರೂಪಾಯಿ, ಬೇರೆ ಏನೂ ಇಲ್ಲ. ಆನ್ ರೋಡ್ ಒಟ್ಟು ಇಷ್ಟು. ಇಂಥ ದಿನದೊಳಗೆ ಬರದಿದ್ದರೆ, ಅಥವಾ ಬಂದ ಗಾಡಿಯಲ್ಲಿ ದೋಷ ಇದ್ದರೆ, ಬುಕ್ಕಿಂಗ್ ದುಡ್ಡೂ ಸಾಗಾಟದ ದುಡ್ಡೂ ಪೂರ್ತಿ ವಾಪಸ್."

ಕೊನೆಯ ಸಾಲು ಮುಖ್ಯ. ಗಾಡಿ ಬಂದ ಮೇಲೆ ಬೇಡ ಅಂದರೆ "ತರಿಸಿದ ಖರ್ಚು ಹಿಡಿದುಕೊಳ್ಳುತ್ತೇವೆ" ಅನ್ನುವುದು ಮಾಮೂಲು. ನಿಮಗೆ ಮನಸ್ಸು ಬದಲಾಗಿ ಬೇಡ ಅಂದರೆ ಅವರು ಹಿಡಿದುಕೊಳ್ಳುವುದು ನ್ಯಾಯವೇ. ಗಾಡಿ ಸರಿ ಇಲ್ಲದೆ ಬೇಡ ಅಂದರೆ ಅಲ್ಲ. ದುಡ್ಡನ್ನು ಡೀಲರ್ ಕಂಪನಿಯ ಖಾತೆಗೇ ಹಾಕಿ, ರಸೀದಿ ತೆಗೆದುಕೊಳ್ಳಿ. ಸೇಲ್ಸ್‌ನವರ ಸ್ವಂತ ಯುಪಿಐ ನಂಬರಿಗೆ ಒಂದು ರೂಪಾಯಿಯೂ ಬೇಡ.

ಸಾಲ ಮಾಡುವವರು ಇನ್ನೊಂದು ನೋಡಿಕೊಳ್ಳಿ. ಬ್ಯಾಂಕಿನವರು ಯಾವ ಡೀಲರ್‌ನ ಕೊಟೇಶನ್ ಮೇಲೆ ಸಾಲ ಮಂಜೂರು ಮಾಡಿರುತ್ತಾರೋ ಅವರ ಹೆಸರಿಗೇ ದುಡ್ಡು ಹೋಗುತ್ತದೆ. ಕೊಟೇಶನ್ ಕುಶಾಲನಗರದ್ದು, ಬಿಲ್ಲು ಮಾತ್ರ ಬೆಂಗಳೂರಿನ ಬೇರೆ ಡೀಲರ್‌ನದ್ದು ಅಂತಾದರೆ ಎಲ್ಲಾ ಮತ್ತೆ ಮೊದಲಿನಿಂದ. ಬಿಲ್ಲು ಯಾರ ಹೆಸರಿನಲ್ಲಿ ಬರುತ್ತದೆ ಅಂತ ಮೊದಲೇ ಬ್ಯಾಂಕಿಗೆ ಹೇಳಿ.

6. ದಾರಿಯಲ್ಲಿ ಗಾಡಿಗೆ ಏನಾದರೂ ಆದರೆ ಯಾರ ತಲೆಗೆ?

ಗಾಡಿ ನಿಮ್ಮ ಊರಿಗೆ ಬರುವ ಮೊದಲೇ ನಿಮ್ಮ ಹೆಸರಿಗೆ ಬಿಲ್ಲು ಮಾಡಿ, ನಿಮ್ಮ ಹೆಸರಿಗೆ ಇನ್ಶೂರೆನ್ಸ್ ಮಾಡಿ, ಆಮೇಲೆ ಓಡಿಸಿಕೊಂಡು ಬರುವುದು ಅವರಿಗೆ ಅನುಕೂಲ. ದಾರಿಯಲ್ಲಿ ಎಲ್ಲಾದರೂ ತಾಗಿದರೆ ನಿಮ್ಮ ಪಾಲಿಸಿಯಲ್ಲೇ ಕ್ಲೇಮ್ ಮಾಡಿ ರಿಪೇರಿ ಮಾಡಿಸಿಬಿಡಬಹುದು. ಗಾಡಿ ಮನೆಗೆ ಬರುವ ಮೊದಲೇ ನಿಮ್ಮ ಹೆಸರಿನಲ್ಲಿ ಒಂದು ಕ್ಲೇಮ್, ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಹೋಯಿತು.

ಸರಿಯಾದ ಕ್ರಮ ಹೀಗೆ. ಗಾಡಿ ಡೀಲರ್‌ನ ಹೊಣೆಯಲ್ಲೇ ಬರಬೇಕು. ನೀವು ನೋಡಿ ಒಪ್ಪಬೇಕು. ಆಮೇಲೆ ಬಾಕಿ ದುಡ್ಡು, ಬಿಲ್ಲು, ಇನ್ಶೂರೆನ್ಸ್, ನೋಂದಣಿ. ಡೀಲರ್‌ನ ಹೊಣೆಯಲ್ಲಿ ಓಡುವ ಗಾಡಿಗೆ ಟ್ರೇಡ್ ಸರ್ಟಿಫಿಕೇಟ್ (ನೋಂದಣಿ ಆಗದ ಗಾಡಿ ಓಡಿಸಲು ಡೀಲರ್‌ಗೆ ಕೊಡುವ ಪರವಾನಗಿ) ನಂಬರ್ ಇರುತ್ತದೆ, ಕೆಂಪು ಹಲಗೆ ಮೇಲೆ ಬಿಳಿ ಅಕ್ಷರ. ಹಳದಿ ಹಲಗೆ ಮೇಲೆ ಕೆಂಪು ಅಕ್ಷರ ಇದ್ದರೆ ಅದು ತಾತ್ಕಾಲಿಕ ನೋಂದಣಿ. ಕರ್ನಾಟಕದೊಳಗೇ ಕೊಂಡು ಕರ್ನಾಟಕದಲ್ಲೇ ನೋಂದಣಿ ಮಾಡಿಸುವವರಿಗೆ ಅದರ ಅಗತ್ಯ ಇಲ್ಲ. ಅದಕ್ಕೆ ಅಂತ ಪಟ್ಟಿಯಲ್ಲಿ ದುಡ್ಡು ಹಾಕಿದ್ದರೆ ಯಾಕೆ ಅಂತ ಕೇಳಿ.

ಐವತ್ತು ಸಾವಿರಕ್ಕಿಂತ ಜಾಸ್ತಿ ಬೆಲೆಯ ಸರಕು ಸಾಗಿಸಲು ಇ-ವೇ ಬಿಲ್, ಅಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡುವ ಸಾಗಾಟದ ಚೀಟಿ, ಬೇಕು. ಅದರ ಫೋಟೊ ಕೇಳಿ ನೋಡಿ. ಗಾಡಿ ಎಲ್ಲಿಂದ, ಯಾವತ್ತು ಹೊರಟಿತು ಅಂತ ಅದರಲ್ಲೇ ಇರುತ್ತದೆ. "ಬೆಂಗಳೂರಿನಿಂದ ತಂದೆವು" ಅಂದದ್ದು ಮೈಸೂರಿನಿಂದ ಬಂದಿದ್ದರೆ ಗೊತ್ತಾಗಿಬಿಡುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಜೋರು ಮಳೆಯ ದಿನಗಳಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳಿಗೆ ನಿರ್ಬಂಧ ಹಾಕುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸಂಪಾಜೆ ರಸ್ತೆಯೇ ಕುಸಿದು ಸಂಪರ್ಕ ಕಡಿದುಹೋದದ್ದು ಯಾರಿಗೆ ನೆನಪಿಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ಕಡೆಯಿಂದ ತರಿಸುವುದಾದರೆ "ರಸ್ತೆ ಬಂದ್ ಆಗಿ ಸುತ್ತಿ ಬಂದರೂ ಹೆಚ್ಚಿಗೆ ಕೊಡುವುದಿಲ್ಲ" ಅಂತ ಆ ಮೆಸೇಜ್‌ಗೆ ಒಂದು ಸಾಲು ಸೇರಿಸಿ.

7. ಗಾಡಿ ಬಂದ ದಿನ

ಹಗಲು ಹೊತ್ತಿನಲ್ಲೇ ನೋಡಿ. ತೊಳೆದು ಹೊಳಪು ಮಾಡುವ ಮೊದಲು ನೋಡಿದರೆ ಇನ್ನೂ ಒಳ್ಳೆಯದು.

ಹೊರಡುವ ಮೊದಲು ಓಡೋಮೀಟರ್ ಫೋಟೊ ತರಿಸಿಕೊಂಡಿದ್ದರೆ ಈಗ ಹೋಲಿಸಿ. ಮೈಸೂರಿನಿಂದ ಬಂದ ಗಾಡಿಯಲ್ಲಿ 120 ಚಿಲ್ಲರೆ ಹೆಚ್ಚಾಗಿರಬೇಕು. 250 ಹೆಚ್ಚಾಗಿದ್ದರೆ ಮಧ್ಯೆ ಅದು ಎಲ್ಲಿಗೆ ಹೋಗಿತ್ತು? ಲಾರಿಯಲ್ಲಿ ತಂದೆವು ಅಂದರೆ ಹೊರಡುವಾಗ ಎಷ್ಟಿತ್ತೋ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಚಾಸಿ ನಂಬರ್ ಅದೇನಾ ಅಂತ ಗಾಡಿಯ ಮೇಲೆಯೇ ಓದಿ.

ತಯಾರಾದ ತಿಂಗಳು ಕೇಳುವುದನ್ನು ಬಿಡಬೇಡಿ. ಬೇರೆ ಡೀಲರ್ ಸುಲಭವಾಗಿ ಬಿಟ್ಟುಕೊಡುವ ಗಾಡಿ ಹಲವು ಸಲ ಅವರಲ್ಲಿ ಹೋಗದೆ ಕೂತಿದ್ದ ಗಾಡಿಯೇ ಆಗಿರುತ್ತದೆ. ಮಾರಾಟ ಪತ್ರ ಅಂದರೆ ಫಾರಂ 21ರಲ್ಲಿ ತಯಾರಿಕೆಯ ತಿಂಗಳು, ವರ್ಷ ಎರಡೂ ಇರುತ್ತವೆ. ಟೈರ್ ಮೇಲಿನ ನಾಲ್ಕಂಕಿಯಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಆರೇಳು ತಿಂಗಳು ಬಿಸಿಲಿನಲ್ಲಿ ನಿಂತ ಗಾಡಿಯಾದರೆ ಬ್ಯಾಟರಿ ಸುಸ್ತಾಗಿರುತ್ತದೆ, ವೈಪರ್ ರಬ್ಬರ್ ಗಟ್ಟಿಯಾಗಿರುತ್ತದೆ. ಅಂಥ ಗಾಡಿಗೆ ಟ್ರಾನ್ಸ್‌ಫರ್ ಚಾರ್ಜ್ ಕೊಡುವುದಿರಲಿ, ಅವರೇ ನಿಮಗೆ ಬೆಲೆ ಇಳಿಸಬೇಕು.

ಮುಂದಿನ ಬಂಪರ್, ಬಾನೆಟ್ ಅಂಚು, ಗಾಜು, ಇಲ್ಲೆಲ್ಲಾ ಕಲ್ಲು ಸಿಡಿದ ಗುರುತು ಇದೆಯಾ ನೋಡಿ. ಬಗ್ಗಿ ಕೆಳಗೂ ನೋಡಿ. ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಮತ್ತೆ ಬಣ್ಣ ಹೊಡೆದ ಜಾಗ ಬೇರೆಯಾಗಿಯೇ ಕಾಣುತ್ತದೆ.

8. ನೀವೇ ಹೋಗಿ ತಂದರೆ?

ನನ್ನನ್ನು ಕೇಳಿದರೆ ಬಹಳ ಸಲ ಇದೇ ವಾಸಿ. ಬಸ್ ಹತ್ತಿ ಮೈಸೂರಿಗೆ ಹೋಗಿ ನಿಮ್ಮ ಗಾಡಿಯನ್ನು ನೀವೇ ಓಡಿಸಿಕೊಂಡು ಬಂದರೆ ಟ್ರಾನ್ಸ್‌ಫರ್ ಖರ್ಚೇ ಇಲ್ಲ. ನಂಬರ್ ಬೇರೆ ಊರಿನದ್ದು ಬೀಳುತ್ತದೆ ಅನ್ನುವ ಭಯ ಬೇಡ. ಹೊಸ ಗಾಡಿಯ ನೋಂದಣಿಗೆ ಡೀಲರ್‌ನವರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕುತ್ತಾರೆ. ನಿಮ್ಮ ವಿಳಾಸ ಕೊಡಗಿನದ್ದಾದರೆ ಮಡಿಕೇರಿ ಆರ್‌ಟಿಒದ ಕೆಎ 12 ನಂಬರೇ ಬೇಕು ಅಂತ ಬುಕ್ಕಿಂಗ್ ಫಾರಂನಲ್ಲೇ ಬರೆಸಿ. ನಂಬರ್ ಪ್ಲೇಟ್ ಹಾಕದೆ ಗಾಡಿ ಕೊಡುವ ಹಾಗಿಲ್ಲ, ಹಾಗಾಗಿ ಪ್ಲೇಟ್ ಕೂತ ಮೇಲೆಯೇ ಹೊರಡಿ. ಸರ್ವಿಸ್ ಅದೇ ಕಂಪನಿಯ ಯಾವ ವರ್ಕ್‌ಶಾಪ್‌ನಲ್ಲಿ ಬೇಕಾದರೂ ಮಾಡಿಸಬಹುದು. ಇಲ್ಲಿ ಕೊಂಡಿಲ್ಲ ಅಂತ ಊರಿನ ವರ್ಕ್‌ಶಾಪ್‌ನವರು ವಾರಂಟಿ ನಿರಾಕರಿಸುವಂತಿಲ್ಲ.

ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಇಳಿದರೆ ಕಣ್ಣೂರು ಹತ್ತಿರ. ಅಲ್ಲಿಂದ ತರುವ ಆಸೆ ಆಗುವುದು ಸಹಜ. ಬೇಡ. ರಾಜ್ಯ ಬದಲಾದರೆ ತಾತ್ಕಾಲಿಕ ನೋಂದಣಿ ಮಾಡಿಸಿ ಗಾಡಿ ತರಬೇಕು, ಇಲ್ಲಿಗೆ ಬಂದು ಕರ್ನಾಟಕದ ತೆರಿಗೆ ಕಟ್ಟಿ ಮಡಿಕೇರಿಯಲ್ಲಿ ನೀವೇ ನೋಂದಣಿ ಮಾಡಿಸಬೇಕು. ಉಳಿದ ದುಡ್ಡೆಲ್ಲಾ ಓಡಾಟಕ್ಕೆ ಹೋಗುತ್ತದೆ.

9. ಒಪ್ಪಿದ್ದಕ್ಕಿಂತ ಜಾಸ್ತಿ ಕಿತ್ತುಕೊಂಡರೆ

ಮೊದಲು ಡೀಲರ್‌ನ ಮ್ಯಾನೇಜರ್‌ಗೆ ಇಮೇಲ್, ಅದರ ಪ್ರತಿ ಕಂಪನಿಯ ಗ್ರಾಹಕ ಸೇವೆಗೆ. ಎಷ್ಟೋ ವ್ಯಾಜ್ಯ ಇಲ್ಲೇ ಮುಗಿಯುತ್ತದೆ. ಯಾಕೆಂದರೆ ಕಂಪನಿಯಿಂದ ಕೇಳಿಸಿಕೊಳ್ಳುವುದು ಡೀಲರ್‌ಗೆ ಇಷ್ಟ ಇರುವುದಿಲ್ಲ. ಆಗಲಿಲ್ಲವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ಡೀಲರ್ ಬೆಂಗಳೂರಿನವನಾದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮಡಿಕೇರಿಯ ಜಿಲ್ಲಾ ಆಯೋಗದಲ್ಲೇ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಬೇಕೇ ಬೇಕು ಅಂತೇನೂ ಇಲ್ಲ. ಕೊಟೇಶನ್, ಆ ವಾಟ್ಸಾಪ್ ಮೆಸೇಜ್, ರಸೀದಿ, ಕೊನೆಯ ಬಿಲ್ಲು, ಇಷ್ಟನ್ನು ಜೋಡಿಸಿ ದೂರಿನ ಜೊತೆ ಕೊಡಿ.